ನಾಳೆ ಬಾ

1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ, ಸುತ್ತಲಿನ ಊರುಗಳಲ್ಲಿ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದುದನ್ನು ಆ ಕಾಲದವರು ಮರೆತಿರಲಾರರು. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು, ನಮ್ಮ ಪರಿಚಿತರದೇ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ, ಬಾಗಿಲು ತೆರೆದವರು ಬದುಕುವುದಿಲ್ಲ ಎಂಬ ಸುದ್ದಿ ಆಗ ಹಬ್ಬಿತ್ತು. ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ. ಮತ್ತೆ ವಾಪಸು. ಅಕ್ಷರ ಬಲ್ಲ, ಆದರೆ ಲೆಕ್ಕ ಬಾರದ ಆ ದೆವ್ವವನ್ನು ಜನ ಹೀಗೆ ದಿನವೂ ಮರುಳು ಮಾಡಿ ನಿದ್ದೆ ಹೋಗುತ್ತಿದ್ದರು.

ದೆವ್ವಕ್ಕೆಂದು ಕಂಡುಕೊಂಡ ಈ ಉಪಾಯವನ್ನು ನಮ್ಮ ವಿದ್ಯಾವಂತರು ಬೇರೊಂದು ಕಡೆ ಬಳಸುತ್ತಿದ್ದಾರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಬರೆಯಬೇಕಾದ ಸಂಶೋಧನಾ ಲೇಖನವೂ ದಿನಾ ರಾತ್ರಿ ಬಂದು ಬಾಗಿಲು ತಟ್ಟುತ್ತದೆ. ಒಮ್ಮೆ ಗೈಡ್ ದನಿಯಲ್ಲಿ, ಒಮ್ಮೆ ತಾಯಿಯ ದನಿಯಲ್ಲಿ, ಒಮ್ಮೆ ನಮ್ಮದೇ ದನಿಯಲ್ಲಿ ಕೂಗುತ್ತದೆ. ನಾವು 'ನಾಳೆ ಬಾ' ಅನ್ನುತ್ತೇವೆ. ಅದು ಹೋಗುತ್ತದೆ. ವ್ಯತ್ಯಾಸ ಒಂದೇ. ದೆವ್ವ ಇರಲಿಲ್ಲ. ಲೇಖನ ನಿಜವಾಗಿಯೂ ಇದೆ, ಮತ್ತು ಅದಕ್ಕೊಂದು ಕೊನೆಯ ದಿನಾಂಕವೂ ಇದೆ.

ನಾನು ಸಂಶೋಧಕನಲ್ಲ, ಅಧ್ಯಾಪಕನೂ ಅಲ್ಲ. ಉಪ್ಪಾರಪೇಟೆಯ ಓಣಿಯೊಂದರಲ್ಲಿ, ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವನು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಎಂದು ಸರಕಿನ ಹೆಸರು ಹೊತ್ತ ಪೇಟೆಗಳ ನಡುವೆ ನಮ್ಮದು ದುಡಿಯುವವರ ಹೆಸರು ಹೊತ್ತ ಪೇಟೆ. ಚೌಳು ಮಣ್ಣನ್ನು ತೊಳೆದು ಉಪ್ಪು ತೆಗೆಯುತ್ತಿದ್ದ, ಆಮೇಲೆ ಮಣ್ಣು ಕಲ್ಲಿನ ಕೆಲಸಕ್ಕೆ ಹೆಸರಾದ ಉಪ್ಪಾರರ ಪೇಟೆ ಇದು. ಕೂಗಳತೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಅದರಾಚೆ ರೈಲು ನಿಲ್ದಾಣ. ಹೀಗಾಗಿ ನನ್ನ ಗಿರಾಕಿಗಳು ಬರೀ ಬೆಂಗಳೂರಿನವರಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು, ಇಡ್ಲಿ ತಿಂದು, ಚೀಲ ಹೊತ್ತು ನೇರ ಮೆಟ್ಟಿಲು ಹತ್ತುವ ಕಲಬುರಗಿಯ, ಹಾಸನದ, ಕೋಲಾರದ ಉಪನ್ಯಾಸಕರೂ ಇದ್ದಾರೆ. ಸಂಜೆ ಬೈಂಡಿಂಗ್ ಮುಗಿಸಿಕೊಂಡು ರಾತ್ರಿ ಬಸ್ಸಿಗೆ ಹಿಂದಿರುಗಬೇಕು ಅವರು.

ಮದುವೆಯ ಕಾರ್ಡು, ಬಿಲ್ ಪುಸ್ತಕಗಳ ಜೊತೆಗೆ ಎಷ್ಟೋ ಎಂ.ಫಿಲ್. ಪ್ರಬಂಧಗಳು, ಪಿಎಚ್.ಡಿ. ಮಹಾಪ್ರಬಂಧಗಳು, ಸೆಮಿನಾರ್ ಪೇಪರುಗಳು ನನ್ನ ಕೈಯಡಿಯಲ್ಲಿ ಹಾದುಹೋಗಿವೆ. ಬೆರಳಚ್ಚು ಯಂತ್ರದ ಕಾಲದಲ್ಲಿ ಒಂದು ಸಾಲು ಬದಲಾದರೆ ಇಡೀ ಪುಟವನ್ನೇ ಮತ್ತೆ ಹೊಡೆಯಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ತಿದ್ದುವ ಕೆಲಸ ಸುಲಭವಾಯಿತು. ಬರೆಯುವ ಕೆಲಸ ಮಾತ್ರ ಸುಲಭವಾಗಲಿಲ್ಲ. ಪೇಪರಿನ ಕೊನೆಯ ದಿನಾಂಕ ಮೂವತ್ತೊಂದು ಅಂತಿದ್ದರೆ ನನ್ನ ಮೆಟ್ಟಿಲ ಮೇಲೆ ಸಾಲು ನಿಲ್ಲುವುದು ಮೂವತ್ತರ ಸಂಜೆಗೇ.

ಇಷ್ಟು ವರ್ಷ ನೋಡಿದ ಮೇಲೆ ಒಬ್ಬರು ಬರವಣಿಗೆಯನ್ನು ಹೇಗೆ ಮುಂದೂಡುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿದೆ. ಮೊದಲು ಮುಖಪುಟ ಮಾಡಿಸುತ್ತಾರೆ. ಶೀರ್ಷಿಕೆ, ತಮ್ಮ ಹೆಸರು, ಗೈಡ್ ಹೆಸರು, ವಿಶ್ವವಿದ್ಯಾಲಯದ ಲಾಂಛನ. ಅಕ್ಷರ ಸ್ವಲ್ಪ ದಪ್ಪವಾಗಲಿ, ಇನ್ನಷ್ಟು ಕೆಳಗೆ ಬರಲಿ ಎಂದು ಅರ್ಧ ದಿನ. ಆಮೇಲೆ ಕೃತಜ್ಞತೆಗಳ ಪುಟ. ಒಳಗಿನ ಒಂದು ಅಧ್ಯಾಯವೂ ಇಲ್ಲದ ಪ್ರಬಂಧಕ್ಕೆ ಎರಡು ಪುಟ ಕೃತಜ್ಞತೆ ಟೈಪು ಮಾಡಿಕೊಟ್ಟಿದ್ದೇನೆ. ಬಳಿಕ ಇನ್ನೊಂದು ಪುಸ್ತಕ ನೋಡಬೇಕು ಅನ್ನುತ್ತಾರೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿ, ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಗ್ರಂಥಾಲಯ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಎಂದು ಸುತ್ತುತ್ತಾರೆ. ಜೆರಾಕ್ಸ್ ಕಟ್ಟು ದಪ್ಪವಾಗುತ್ತಾ ಹೋಗುತ್ತದೆ. ಕಟ್ಟು ದಪ್ಪವಾದಷ್ಟೂ ಬರೆಯಲು ಕೂರುವುದು ಕಷ್ಟ, ಯಾಕೆಂದರೆ ಈಗ ಅಷ್ಟನ್ನೂ ಓದಿ ಮುಗಿಸಿದ ಮೇಲೆ ತಾನೆ ಬರೆಯಬೇಕು! ಕೊನೆಗೆ ಫೋನು ಬರುತ್ತದೆ: "ಅಣ್ಣಾ, ಫೈಲ್ ತೆರೀತಿಲ್ಲ, ಅಕ್ಷರ ಎಲ್ಲಾ ಇಂಗ್ಲಿಷ್ ಥರ ಕಾಣ್ತಿದೆ, ಫಾಂಟ್ ಹೋಗಿದೆ." ನುಡಿಯ ಹಳೆಯ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹಾಗೆ ಆಗುವುದು ನಿಜ. ಸರಿಮಾಡಲು ಹತ್ತು ನಿಮಿಷ ಸಾಕು ಎನ್ನುವುದೂ ನಿಜ.

ಇದನ್ನು ಸೋಮಾರಿತನ ಎಂದು ಬೈಯುವವರೇ ಹೆಚ್ಚು. 'ನಾಳೆ ಎಂದವನ ಮನೆ ಹಾಳು' ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಆದರೆ ನಾನು ಕಂಡವರು ಸೋಮಾರಿಗಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮನೆಗೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ಎರಡು ಬಸ್ ಬದಲಾಯಿಸಿ ಬರುವ ಹೆಣ್ಣುಮಗಳು ಸೋಮಾರಿ ಹೇಗಾಗುತ್ತಾಳೆ? ಕ್ಷೇತ್ರಕಾರ್ಯಕ್ಕೆಂದು ಬಿಸಿಲಲ್ಲಿ ಹಳ್ಳಿ ಹಳ್ಳಿ ಅಲೆದವನು ಕುರ್ಚಿಯ ಮೇಲೆ ಕೂತು ಬರೆಯಬೇಕಾದಾಗ ಮಾತ್ರ ಹಿಂಜರಿಯುತ್ತಾನೆ ಎಂದರೆ ಕಾರಣ ಬೇರೆಯೇ ಇರಬೇಕು. ಫುಶಿಯಾ ಸಿರೊಯಿಸ್ ಮತ್ತು ಟಿಮೊತಿ ಪಿಚಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನವೊಂದರಲ್ಲಿ ಈ ಕಾರಣವನ್ನು ಗುರುತಿಸಿದರು. ಮುಂದೂಡುವುದು ಸಮಯದ ಲೆಕ್ಕ ತಪ್ಪಿದ್ದರಿಂದಲ್ಲ, ಮನಸ್ಸಿನ ಕಿರಿಕಿರಿಯಿಂದ ಪಾರಾಗಲು ಎಂಬುದು ಅವರ ವಾದ. ಖಾಲಿ ಪುಟದ ಮುಂದೆ ಕೂತಾಗ ಅಳುಕು ಹುಟ್ಟುತ್ತದೆ. ಎದ್ದು ಹೋದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಕ್ಷಣದ ಹಾಯಿಗಾಗಿ ನಾಳಿನ ದಿನವನ್ನು ಮಾರಿಕೊಳ್ಳುತ್ತೇವೆ.

ಈ ಅಳುಕು ಎಲ್ಲರಿಗೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅಪ್ಪ ಅಮ್ಮ ಪ್ರೊಫೆಸರಾಗಿದ್ದವರ ಮಕ್ಕಳೂ ಮುಂದೂಡುತ್ತಾರೆ, ಆದರೆ ಅವರಿಗೆ ಬರವಣಿಗೆ ಎಂದರೆ ಹತ್ತು ಸಲ ಹೊಡೆದುಹಾಕಿ ತಿದ್ದುವ ಕೆಲಸ ಎಂಬುದು ಮನೆಯಲ್ಲೇ ಕಂಡು ಗೊತ್ತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದವರು ನೋಡಿರುವುದು ಅಚ್ಚಾದ ಪುಸ್ತಕವನ್ನು ಮಾತ್ರ. ಅದರ ಹಿಂದಿನ ಗೀಚುಹಾಳೆಗಳನ್ನು ಅವರಿಗೆ ಯಾರೂ ತೋರಿಸಿಲ್ಲ. ದೊಡ್ಡವರು ಒಂದೇ ಉಸಿರಿಗೆ ಸರಿಯಾಗಿ ಬರೆಯುತ್ತಾರೆ, ನನಗೆ ಬರುತ್ತಿಲ್ಲ, ಆದ್ದರಿಂದ ನಾನು ಇದಕ್ಕೆ ತಕ್ಕವನಲ್ಲ ಎಂದುಕೊಳ್ಳುತ್ತಾರೆ. ಅದರ ಮೇಲೆ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ. 'ಪ್ರಸ್ತುತ ಪ್ರಬಂಧದಲ್ಲಿ ಅವಲೋಕಿಸುವ ಪ್ರಯತ್ನವನ್ನು ಮಾಡಲಾಗಿದೆ' ಎಂಬ ಸಾಲನ್ನು ನಾನು ಎಷ್ಟು ಸಾವಿರ ಸಲ ಟೈಪು ಮಾಡಿದ್ದೇನೋ. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಮನೆಯಲ್ಲಿ ದಖನಿಯನ್ನೋ ಬ್ಯಾರಿಯನ್ನೋ ಲಂಬಾಣಿಯನ್ನೋ ಹಳ್ಳಿಯ ಕನ್ನಡವನ್ನೋ ಆಡಿಕೊಂಡು ಬೆಳೆದ ಮಗುವಿಗೆ ಇದು ಇಸ್ತ್ರಿ ಹಾಕಿದ ಬೇರೆಯವರ ಅಂಗಿ ತೊಟ್ಟ ಹಾಗೆ.

ಎಲ್ಲ ವಿಳಂಬವೂ ಮನಸ್ಸಿನ ಕಾರಣದ್ದಲ್ಲ ಎಂಬುದನ್ನೂ ಹೇಳಬೇಕು. ಅತಿಥಿ ಉಪನ್ಯಾಸಕರಾಗಿ ಎರಡು ಮೂರು ಕಡೆ ಪಾಠ ಮಾಡಿ, ಬಾರದ ಸಂಬಳಕ್ಕೆ ಕಾಯುತ್ತಾ ಇರುವವರಿಗೆ 'ಶಿಸ್ತು ಬೆಳೆಸಿಕೊಳ್ಳಿ' ಎನ್ನುವುದು ಸುಲಭ. ಅವರಿಗೆ ಮೊದಲು ಬೇಕಾದದ್ದು ಸಂಬಳ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆಂದು ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು 2022ರಲ್ಲಿ ನಿಲ್ಲಿಸಲಾಯಿತು. ಆಸರೆ ಕಡಿಮೆಯಾದ ಕಡೆ ಕಳೆದುಹೋಗುವ ಒಂದೊಂದು ತಿಂಗಳಿಗೂ ಬೆಲೆ ಹೆಚ್ಚು. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ, ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಎರಡು ವರ್ಷ ಸಿಗಬಹುದು. ಕೇಳಲು ಬಹಳ ವರ್ಷ. ಆದರೆ 'ಮುಂದಿನ ವಾರದಿಂದ' ಎನ್ನುವವರ ಕೈಯಲ್ಲಿ ವರ್ಷ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ಕೊನೆಯ ಗಳಿಗೆಗೆ ಬಂದವರು ಬೀಳುವ ಗುಂಡಿಯೂ ನನಗೆ ಗೊತ್ತು. "ನೀವೇ ಸ್ವಲ್ಪ ಬರೆದು ಸೇರಿಸಿಬಿಡಿ ಅಣ್ಣ, ಪುಟಕ್ಕೆ ಎಷ್ಟು ಅಂತ ಹೇಳಿ" ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ವಿಳಾಸ ಹಿಡಿದು ಬರುತ್ತಾರೆ. ಬೇರೆಯವರ ಪುಟಗಳನ್ನು ಹಾಗೇ ಕೊಡುತ್ತಾರೆ. 2018ರ ಯುಜಿಸಿ ನಿಯಮದ ಪ್ರಕಾರ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಪ್ರಬಂಧ ಹಿಂದಕ್ಕೆ ಬರುತ್ತದೆ, ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಈಚೆಗೆ ಯಂತ್ರಕ್ಕೆ ವಿಷಯ ಹೇಳಿದರೆ ಅದೇ ಬರೆದುಕೊಡುತ್ತದೆ ಎಂಬ ಮಾತು ಬೇರೆ ಸೇರಿಕೊಂಡಿದೆ. ಮೋಸ ಮಾಡಬೇಕೆಂದು ಹೊರಟು ಮೋಸ ಮಾಡಿದವರನ್ನು ನಾನು ಹೆಚ್ಚು ಕಂಡಿಲ್ಲ. ಮುಂದೂಡಿ ಮುಂದೂಡಿ ಬೇರೆ ದಾರಿ ಉಳಿಯದೆ ಅಲ್ಲಿಗೆ ಬಂದವರೇ ಹೆಚ್ಚು.

2018ರಲ್ಲಿ ನನ್ನ ಅಂಗಡಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅರಳೆಪೇಟೆಯ, ಅಂದರೆ ಈಗ ಎಲ್ಲರೂ ಕಾಟನ್‌ಪೇಟೆ ಎನ್ನುವ ಕಡೆಯ ಹುಡುಗಿ. ತಂದೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮನೆಯಲ್ಲಿ ಎಂ.ಎ. ಮಾಡಿದ ಮೊದಲಿಗಳು ಅವಳು. ಸಂಶೋಧನೆಯ ನಾಲ್ಕನೇ ವರ್ಷ. ಆಗಿನ ನಿಯಮದಂತೆ ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಗಬೇಕಿತ್ತು, ಎರಡು ಸೆಮಿನಾರುಗಳಲ್ಲಿ ಪೇಪರ್ ಮಂಡಿಸಬೇಕಿತ್ತು. ಒಂದೂ ಆಗಿರಲಿಲ್ಲ. ಅವಳು ಆರಿಸಿಕೊಂಡ ವಿಷಯ ಧರ್ಮಾಂಬುಧಿ ಕೆರೆ. ಪೇಟೆಗೆ ನೀರುಣಿಸುತ್ತಿದ್ದ ಆ ಕೆರೆಯ ಒಡಲಲ್ಲೇ ಈಗ ಬಸ್ ನಿಲ್ದಾಣ ಇರುವುದು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಪೇಟೆಯ ಕೆರೆಗಳ ಮೇಲಿನ ಅವಲಂಬನೆ ತಗ್ಗಿತು. ಕೆರೆ ಒಣಗಿತು, ಮೈದಾನವಾಯಿತು, 1960ರ ದಶಕದಲ್ಲಿ ಬಸ್ಸುಗಳ ಪಾಲಾಯಿತು. ಕಡತಗಳಲ್ಲಿ ಇಷ್ಟು ಸಿಗುತ್ತದೆ. ಆ ಮೈದಾನದ ಸುತ್ತ ಬದುಕಿದವರ ನೆನಪು ಕಡತದಲ್ಲಿ ಸಿಗುವುದಿಲ್ಲ. ಅವಳು ಹನ್ನೊಂದು ಜನ ಹಿರಿಯರನ್ನು ಮಾತಾಡಿಸಿ, ಧ್ವನಿಮುದ್ರಿಸಿ, ಮೂರು ನೋಟ್‌ಬುಕ್ಕು ತುಂಬಿಸಿಕೊಂಡಿದ್ದಳು.

ಬರೆದದ್ದು ಮಾತ್ರ ಶೂನ್ಯ. ಆರು ವಾರದಲ್ಲಿ ಸೆಮಿನಾರಿಗೆ ಪೇಪರ್ ಕಳಿಸಬೇಕಿತ್ತು. ಮುಖಪುಟವನ್ನು ನನ್ನಿಂದ ಮೂರು ಸಲ ಬದಲಾಯಿಸಿಕೊಂಡಳು. ಮನೆಯಲ್ಲಿ ಸಂಬಂಧ ನೋಡತೊಡಗಿದ್ದರು. ಇನ್ನೂ ಎಷ್ಟು ದಿನ ಓದೋದು ಎಂದು ಅಮ್ಮಿ ಕೇಳಿದರೆ ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಒಂದು ದಿನ ನನಗೆ ಗೊತ್ತಾದ ಸಂಗತಿ ಇನ್ನೂ ಬೇಸರದ್ದು. ಅವಳು ಮಾತಾಡಿಸಿದವರಲ್ಲಿ ಹಿಂದೆ ರೈಲು ನಿಲ್ದಾಣದ ಬಳಿ ಜಟಕಾ ಹೊಡೆಯುತ್ತಿದ್ದ ಮುದುಕರೊಬ್ಬರಿದ್ದರು. ಎಂಬತ್ತು ದಾಟಿದ ವಯಸ್ಸು. ತವಕ್ಕಲ್ ಮಸ್ತಾನ್ ದರ್ಗಾದ ಹತ್ತಿರ ಮಗನ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಇವಳನ್ನು ಕಂಡಾಗಲೆಲ್ಲ, "ನನ್ನ ಮಾತು ಅಚ್ಚಾಯ್ತಾ ಬೇಟಿ?" ಎಂದು ಕೇಳುತ್ತಿದ್ದರಂತೆ. ಉತ್ತರ ಕೊಡಲಾಗದೆ ಇವಳು ಎಂಟು ತಿಂಗಳಿಂದ ಆ ಬೀದಿ ಬಿಟ್ಟು ಬಳಸಿಕೊಂಡು ಮನೆಗೆ ಹೋಗುತ್ತಿದ್ದಳು. ಯಾರ ಮಾತು ಜಗತ್ತಿಗೆ ತಲುಪಬೇಕೆಂದು ಹೊರಟಿದ್ದಳೋ ಅವರ ಮುಖವನ್ನೇ ನೋಡಲಾಗದ ಸ್ಥಿತಿ.

"ಚಾಚಾ ಏನು ಹೇಳಿದರು? ನನಗೆ ಹೇಳಮ್ಮಾ" ಅಂದೆ. ಹೇಳತೊಡಗಿದಳು. ಜಟಕಾಗಳು ಎಲ್ಲಿ ನಿಲ್ಲುತ್ತಿದ್ದವು, ಮಳೆಗಾಲದಲ್ಲಿ ಮೈದಾನದಲ್ಲಿ ನೀರು ನಿಂತಾಗ ಇದು ಕೆರೆ ಎಂಬುದು ಜನರಿಗೆ ಹೇಗೆ ನೆನಪಾಗುತ್ತಿತ್ತು, ಕುದುರೆಗೆ ನೀರು ಕುಡಿಸುವ ತೊಟ್ಟಿ ಯಾವ ಮಗ್ಗುಲಲ್ಲಿತ್ತು, ಬಸ್ಸುಗಳು ಬಂದ ಮೇಲೆ ಕುದುರೆಯನ್ನು ಯಾರಿಗೆ ಮಾರಿದರು. ಕೈ ಸುಮ್ಮನಿರಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡುತ್ತಾ ಹೋದೆ. ಮುಗಿದಾಗ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಎರಡೂವರೆ ಪುಟ.

"ಇದು ಪೇಪರ್ ಅಲ್ಲ ಅಣ್ಣಾ, ಬರೀ ಮಾತು" ಅಂದಳು.

"ಮಾತನ್ನ ತಿದ್ದಬಹುದು. ನಿನ್ನ ತಲೇಲಿ ಇರೋದನ್ನ ಯಾರು ತಿದ್ತಾರೆ?" ಅಂದೆ.

ಅವಳು ಪೆನ್ನು ಕೇಳಿ ತೆಗೆದುಕೊಂಡಳು. ಅಲ್ಲೇ ನಿಂತು ಎರಡನೇ ಸಾಲನ್ನು ಹೊಡೆದುಹಾಕಿ ಮೇಲೆ ಬೇರೆ ಸಾಲು ಬರೆದಳು. ಒಂದು ವರ್ಷದಲ್ಲಿ ಅವಳು ಬರೆದ ಮೊದಲ ಸಾಲು ಅದು.

ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನನ್ನ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ, ಎರಡನೇ ಕಂಪ್ಯೂಟರ್ ಖಾಲಿ. ಆ ಒಂದು ಗಂಟೆ ಅಲ್ಲಿ ಕೂರು, ಮೊಬೈಲು ನನ್ನ ಡ್ರಾಯರಿನಲ್ಲಿರಲಿ, ಹನ್ನೊಂದಕ್ಕೆ ವಾಕ್ಯ ಅರ್ಧದಲ್ಲಿದ್ದರೂ ಎದ್ದು ಹೋಗು, ಹೋಗುವಾಗ ಅಂದಿನದನ್ನು ಪ್ರಿಂಟ್ ತೆಗೆದು ನನಗೆ ಕೊಡು ಎಂದು ಮಾತಾಯಿತು. ಮೊದಲ ವಾರ ನಾಲ್ಕು ದಿನ ಬಂದಳು, ಎರಡು ದಿನ ಬರಲಿಲ್ಲ. ಬಾರದ ದಿನದ ಬಗ್ಗೆ ನಾನು ಕೇಳಲಿಲ್ಲ. ಕೇಳಿದ್ದರೆ ಆ ಬೀದಿಯ ಜೊತೆಗೆ ಈ ಓಣಿಯನ್ನೂ ಬಿಡುತ್ತಿದ್ದಳೇನೋ. ಎರಡನೇ ವಾರದಿಂದ ಅರ್ಧ ಬಿಟ್ಟುಹೋದ ವಾಕ್ಯವನ್ನು ಮುಗಿಸುವ ಆತುರಕ್ಕೆ ಹತ್ತಕ್ಕೆ ಮುಂಚೆಯೇ ಬಂದು ನಾನು ಬೀಗ ತೆಗೆಯುವುದನ್ನು ಕಾಯತೊಡಗಿದಳು. ನಾನು ಓದಿ ಹೇಳುತ್ತಿದ್ದುದು ಪಂಡಿತರ ಅಭಿಪ್ರಾಯವೇನಲ್ಲ. "ಈ ಸಾಲು ನನಗೆ ಅರ್ಥ ಆಗ್ಲಿಲ್ಲ", "ಇಲ್ಲಿ ಯಾವ ವರ್ಷ ಅಂತ ಗೊತ್ತಾಗ್ಲಿಲ್ಲ", ಅಷ್ಟೆ. ಅರ್ಥವಾಗದ ಸಾಲುಗಳೆಲ್ಲ ಬಹುತೇಕ ಬೇರೆಯವರ ಪುಸ್ತಕದಿಂದ ಎತ್ತಿಕೊಂಡ ಕನ್ನಡದಲ್ಲಿ ಇರುತ್ತಿದ್ದವು. ಐದನೇ ವಾರದ ಕೊನೆಗೆ ಹದಿನಾಲ್ಕು ಪುಟದ ಕರಡು ಸಿದ್ಧವಾಯಿತು. ಗೈಡ್ ಅದರ ತುಂಬ ಕೆಂಪು ಗೆರೆ ಎಳೆದು ಕಳಿಸಿದರು. ಕೆಂಪು ಗೆರೆಗೆ ಅವಳು ಹೆದರುತ್ತಿದ್ದದ್ದು ನನಗೆ ಗೊತ್ತಿತ್ತು. ಅದನ್ನು ಹಿಡಿದು ಬಂದವಳು, "ಪೂರ್ತಿ ಓದಿದ್ದಾರೆ ಅಣ್ಣಾ" ಎಂದಳು.

ಈ ಅನುಭವಕ್ಕೆ ಹೊಂದುವ ಪ್ರಯೋಗವೊಂದರ ವಿವರ ಆಮೇಲೆ ಓದಿದೆ. ನನ್ನ ಕಸುಬಿಗೆ ಸಂಬಂಧಪಟ್ಟದ್ದಾದ್ದರಿಂದ ಮನಸ್ಸಿನಲ್ಲಿ ಉಳಿದಿದೆ. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪ್ರೂಫ್ ನೋಡುವವರಿಗೆ ತಪ್ಪುಗಳಿರುವ ಮೂರು ಬರಹಗಳನ್ನು ಕೊಟ್ಟರು, ಅವಧಿ ಮೂರು ವಾರ. ಒಂದು ಗುಂಪು ವಾರಕ್ಕೊಂದರಂತೆ ಒಪ್ಪಿಸಬೇಕು. ಇನ್ನೊಂದು ಗುಂಪು ಮೂರನ್ನೂ ಕೊನೆಯ ದಿನ ಕೊಟ್ಟರೆ ಸಾಕು. ಮೂರನೆಯದಕ್ಕೆ ತಮ್ಮ ದಿನಾಂಕವನ್ನು ತಾವೇ ನಿಗದಿ ಮಾಡಿಕೊಳ್ಳುವ ಸ್ವಾತಂತ್ರ್ಯ. ಹೆಚ್ಚು ತಪ್ಪು ಹಿಡಿದವರು ವಾರಕ್ಕೊಂದು ಕೊಟ್ಟವರು. ತಾವೇ ದಿನ ಗೊತ್ತುಮಾಡಿಕೊಂಡವರು ನಡುವೆ. ಕೊನೆಯ ದಿನದವರೆಗೆ ಬಿಡುವಿದ್ದವರದೇ ಕಳಪೆ ಕೆಲಸ. ಪೂರಾ ಬಿಡುವು ಕೊಡುವುದೇ ಉಪಕಾರ ಎಂದು ಭಾವಿಸುವ ಗೈಡ್‌ಗಳು ಇದನ್ನು ಗಮನಿಸಬೇಕು. 'ಎಲ್ಲ ಬರೆದು ಮುಗಿಸಿ ಒಟ್ಟಿಗೆ ತಾ' ಎಂಬ ಮಾತು ಕೇಳಲು ಉದಾರವಾಗಿದೆ. ಆದರೆ ಅದರಿಂದ ವಿದ್ಯಾರ್ಥಿ ವರ್ಷಗಟ್ಟಲೆ ಒಬ್ಬಂಟಿಯಾಗುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ದೊಡ್ಡ ಕೆಲಸಗಳಿಗೆ ಕಾಲ ಹಿಡಿಯುವುದಿಲ್ಲವೆ? ನಿಧಾನವೆಲ್ಲ ದೋಷವೆ? ಖಂಡಿತ ಅಲ್ಲ. ನಮ್ಮ ಪಕ್ಕದ ಚಾಮರಾಜಪೇಟೆಯಲ್ಲೇ ಅದಕ್ಕೆ ಸಾಕ್ಷಿ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕೆಲಸ ಶುರುವಾದದ್ದು 1940ರ ದಶಕದಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಅರ್ಧ ಶತಮಾನ. ಅದನ್ನು ಯಾರೂ ಕಾಲಹರಣ ಎನ್ನುವುದಿಲ್ಲ, ಯಾಕೆಂದರೆ ಆ ಅರ್ಧ ಶತಮಾನದಲ್ಲಿ ಕೆಲಸ ನಿಂತಿರಲಿಲ್ಲ. ಚೀಟಿ ಚೀಟಿಯಾಗಿ ಪದಗಳು ಸೇರುತ್ತಿದ್ದವು, ಸಂಪುಟ ಸಂಪುಟವಾಗಿ ಹೊರಬರುತ್ತಿದ್ದವು. ಆ ನಿಘಂಟಿನ ಸಂಪಾದಕರಲ್ಲಿ ಪ್ರಮುಖರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆದರು. ಓದುಗರು ಕೇಳುವ ಪದಗಳಿಗೆ ಪುಟ್ಟ ಪುಟ್ಟ ಉತ್ತರಗಳು. ಅವೇ ಕೂಡಿ ಪುಸ್ತಕವಾದವು. ಕೇಳುವವರು ಕಾಯುತ್ತಿದ್ದರು, ಉತ್ತರ ಹೋಗಲೇಬೇಕಿತ್ತು. ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಎಲ್ಲ ಕವಿಗಳ ವಿಷಯವೂ ಸಂದೇಹವಿಲ್ಲದೆ ತಿಳಿದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ ಎಂದು ಕುಳಿತಿದ್ದರೆ ಕನ್ನಡಕ್ಕೆ ಕವಿಚರಿತೆ ಸಿಗುತ್ತಿರಲಿಲ್ಲ. ಗೊತ್ತಿದ್ದಷ್ಟನ್ನು ಅಚ್ಚು ಹಾಕಿದರು, ಮುಂದೆ ಹೊಸ ಸಂಗತಿ ತಿಳಿದಾಗ ಮೊದಲ ಸಂಪುಟವನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ನಿಧಾನಕ್ಕೂ ಮುಂದೂಡುವುದಕ್ಕೂ ಇರುವ ವ್ಯತ್ಯಾಸ ಇದೇ. ನಿಧಾನವಾಗಿ ಮಾಡುವವರ ಮೇಜಿನ ಮೇಲೆ ಇವತ್ತಿನ ದಿನಕ್ಕೆ ಏನೋ ಒಂದು ಸೇರಿರುತ್ತದೆ.

ಬರೆಯಲು ಕಷ್ಟಪಡುತ್ತಿರುವ ಓದುಗರು ಇದ್ದರೆ, ಅಂಗಡಿಯಲ್ಲಿ ಕಂಡು ತಿಳಿದ ನಾಲ್ಕು ಮಾತು ಹೇಳಬಹುದು ಎಂದುಕೊಳ್ಳುತ್ತೇನೆ. ಪೀಠಿಕೆಯಿಂದ ಶುರು ಮಾಡಬೇಡಿ. ನೀವೇ ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ, ಬೇರಾರಿಗೂ ಗೊತ್ತಿರದ ಸಂಗತಿ ಯಾವುದೋ ಅಲ್ಲಿಂದ ಶುರು ಮಾಡಿ. ಪೀಠಿಕೆ ಕೊನೆಗೆ ತಾನಾಗಿ ಬರುತ್ತದೆ. ಕೈ ಓಡದ ದಿನ ಯಾರಿಗಾದರೂ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಇಂದು ಇಷ್ಟು ಪುಟ ಎಂದು ಹರಕೆ ಹೊರುವ ಬದಲು ಇಂದು ಇಷ್ಟು ಹೊತ್ತು ಎಂದು ಕೂರಿ. ಪುಟ ನಮ್ಮ ಕೈಯಲ್ಲಿಲ್ಲ, ಹೊತ್ತು ಇದೆ. ಬರೆಯುವಾಗ ಇಸವಿಯೋ ಹೆಸರೋ ನೆನಪಾಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಅದನ್ನು ಹುಡುಕಲು ಎದ್ದವರು ಆ ದಿನ ಹಿಂದಿರುಗಿ ಕೂತದ್ದನ್ನು ನಾನು ಕಂಡಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಹಾಳೆಗಾಗಿ ಕಾಯುವ ಒಬ್ಬರನ್ನು ಹುಡುಕಿಕೊಳ್ಳಿ. ಅವರು ವಿದ್ವಾಂಸರಾಗಬೇಕಿಲ್ಲ. ಅಕ್ಕ ಆಗಬಹುದು, ಹಾಸ್ಟೆಲಿನ ಗೆಳತಿ ಆಗಬಹುದು, ಡಿಟಿಪಿ ಅಂಗಡಿಯವನೂ ಆಗಬಹುದು. ಮೊದಲ ಕರಡು ಚೌಳು ಮಣ್ಣಿನ ಹಾಗೆ ಇರುತ್ತದೆ. ಉಪ್ಪು ಇರುವುದು ಅದರಲ್ಲೇ, ತೊಳೆಯುವ ಕೆಲಸ ಆಮೇಲಿನದು.

ಆ ಹುಡುಗಿ ಪೇಪರನ್ನು ಸೆಮಿನಾರಿಗೆ ಕಳಿಸುವ ಮೊದಲು ಒಂದು ಪ್ರತಿ ಹಿಡಿದು, ಎಂಟು ತಿಂಗಳ ಮೇಲೆ ಆ ಬೀದಿಗೆ ಹೋದಳು. ಚಾಚಾರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳು ಓದಿ, ಅಲ್ಲಲ್ಲಿ ದಖನಿಯಲ್ಲಿ ಹೇಳಿದಳಂತೆ. ಅವರು ಪೂರ್ತಿ ಕೇಳಿ, ಬೆರಳಿನಲ್ಲಿ ನೆಲದ ಮೇಲೆ ಗೆರೆ ಎಳೆದು, "ಕುದುರೆ ತೊಟ್ಟಿ ಆ ಕಡೆ ಅಲ್ಲ ಬೇಟಿ, ಈ ಕಡೆ. ನೀನು ಉಲ್ಟಾ ಬರ್ದಿದೀಯ" ಎಂದರು. ಅವಳು ಓಡಿ ಬಂದು ನನ್ನಿಂದ ಆ ಸಾಲು ತಿದ್ದಿಸಿಕೊಂಡಳು. ಅಡಿಟಿಪ್ಪಣಿಯಲ್ಲಿ ಅವರ ಹೆಸರು ಸೇರಿತು. ಪೇಪರ್ ಮಂಡನೆಯಾಯಿತು, ಮುಂದೆ ಒಂದು ಪತ್ರಿಕೆಯಲ್ಲಿ ಅಚ್ಚೂ ಆಯಿತು.

2020ರ ಕೊರೊನಾ ಕಾಲದಲ್ಲಿ ಚಾಚಾ ತೀರಿಕೊಂಡರು. ಅವಳು ಮಾತಾಡಿಸಿದ್ದ ಹನ್ನೊಂದು ಜನರಲ್ಲಿ ಈಗ ಉಳಿದಿರುವವರು ನಾಲ್ವರು. ಇಂದು ಅದೇ ಪೇಪರನ್ನು ಬರೆಯಲು ಹೊರಟರೆ ತೊಟ್ಟಿ ಯಾವ ಕಡೆ ಇತ್ತು ಎಂದು ಹೇಳುವವರಿಲ್ಲ. ತಪ್ಪು ಬರೆದರೆ ತಪ್ಪೇ ಉಳಿಯುತ್ತದೆ. ನಮ್ಮ ಪೇಟೆಗಳ, ದರ್ಗಾಗಳ, ಕೇರಿಗಳ, ಕಸುಬುಗಳ ಚರಿತ್ರೆಯಲ್ಲಿ ಬರೆಯಬೇಕಾದದ್ದು ಇನ್ನೂ ಬಹಳವಿದೆ, ಮತ್ತು ಅದನ್ನು ಬಲ್ಲವರು ಸ್ಟೂಲುಗಳ ಮೇಲೆ, ಜಗಲಿಗಳ ಮೇಲೆ ಕೂತು ಮುದುಕರಾಗುತ್ತಿದ್ದಾರೆ. ಅವರಿಗೆ 'ನಾಳೆ' ಎಂದು ಹೇಳುವಾಗ ಸ್ವಲ್ಪ ಯೋಚಿಸಬೇಕು.

ಆ ಹುಡುಗಿ ಈಗ ಊರಾಚೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನನ್ನ ಅಂಗಡಿಯ ಎರಡನೇ ಕಂಪ್ಯೂಟರನ್ನು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ನಾನು ಯಾವ ಕೆಲಸಕ್ಕೂ ಬಳಸುವುದಿಲ್ಲ. ಸದ್ಯಕ್ಕೆ ಅಲ್ಲಿ ಕೂರುತ್ತಿರುವವರು ನಿವೃತ್ತಿಗೆ ಎರಡು ವರ್ಷ ಬಾಕಿ ಇರುವ ಪ್ರೌಢಶಾಲೆಯ ಮೇಷ್ಟ್ರು. ಬಳೆ ಮಾರುವವರ ಹಾಡುಗಳ ಬಗ್ಗೆ ಬರೆಯುತ್ತಿದ್ದಾರೆ. ಇವತ್ತಿಗೆ ಒಂಬತ್ತನೇ ಪುಟ.